ಎಮ್ಮಾ ಮತ್ತು ಎರಡು ಅಂಗಡಿ: ಆಘಾತ ಎಂಟನೇ ವಯಸ್ಸಿನದ್ದೋ, ಹನ್ನೆರಡನೆಯದ್ದೋ?

ತುಂಗಾತೀರ ಕೇಳಿದ್ದು:

ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ 1895ರಲ್ಲಿ ಬರೆದಿಟ್ಟ, ಎಮ್ಮಾ ಎಂಬ ರೋಗಿಯ ಪ್ರಕರಣವನ್ನು ನನ್ನ ಸೆಮಿನಾರಿಗಾಗಿ ಎಷ್ಟು ಸಲ ಓದಿದರೂ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತೇನೆ. ಎಂಟನೇ ವಯಸ್ಸಿನಲ್ಲಿ ಅಂಗಡಿಯವನು ಅವಳ ಮೇಲೆ ಕೈ ಹಾಕಿದ್ದು ದೌರ್ಜನ್ಯ, ಅದರಲ್ಲಿ ಅನುಮಾನವಿಲ್ಲ. ಆದರೆ ಕಾಯಿಲೆ ಶುರುವಾಗಿದ್ದು ಆಗಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಇನ್ಯಾವುದೋ ಅಂಗಡಿಯಲ್ಲಿ ಇಬ್ಬರು ನಕ್ಕರು, ಅಷ್ಟಕ್ಕೆ ಓಡಿಬಂದಳು, ಅಲ್ಲಿಂದಾಚೆ ಒಬ್ಬಳೇ ಯಾವ ಅಂಗಡಿಯ ಮೆಟ್ಟಿಲೂ ಹತ್ತಲಾಗಲಿಲ್ಲ. ಹಾಗಾದರೆ ಆಘಾತ ಅಂತ ಕರೆಯಬೇಕಾದದ್ದು ಯಾವುದನ್ನು?

ಇದರ ಜೊತೆಗೇ, 1897ರಲ್ಲಿ ಫ್ರಾಯ್ಡ್ ತನ್ನ ಮೊದಲ ಸಿದ್ಧಾಂತ ಕೈಬಿಟ್ಟ ಮೇಲೆ ಮನೋವಿಶ್ಲೇಷಣೆ ಆಘಾತವನ್ನೆಲ್ಲ "ಕಲ್ಪನೆ" ಎಂದು ತಳ್ಳಿಹಾಕಿತು ಅನ್ನುವ ಮಾತು ಎಷ್ಟು ನಿಜ? ಇವತ್ತು ಚಿಕಿತ್ಸೆಯ ಕೋಣೆಯಲ್ಲಿ ಕೂತು ಕೆಲಸ ಮಾಡುವವರಿಗೆ ಈ "ಎರಡು ದೃಶ್ಯ"ದ ವಿಚಾರದಿಂದ ಏನು ಪ್ರಯೋಜನ? ಮರೆತುಹೋದ ಮೊದಲ ದೃಶ್ಯವನ್ನು ಅಗೆದು ತೆಗೆಯುವುದೇ ಕೆಲಸವೇ?

ಕೊನೆಯದಾಗಿ, ನಾಖ್‌ಟ್ರೆಗ್ಲಿಖ್‌ಕೈಟ್ (ಹಿಂದೆ ನಡೆದದ್ದಕ್ಕೆ ಆಮೇಲೆ ಅರ್ಥ ಬಂದು ಅದು ಕಾಡುವುದು) ಅನ್ನುವ ಜರ್ಮನ್ ಪದಕ್ಕೆ "ವಿಳಂಬಿತ ಕ್ರಿಯೆ" ಅಂತ ಹಾಕಿಕೊಂಡಿದ್ದೇನೆ. ಯಾಕೋ ಸಮಾಧಾನವಿಲ್ಲ.

ಕಪ್ಪುಹಲಗೆ ಉತ್ತರ:

ಎರಡರಲ್ಲಿ ಒಂದನ್ನು ಆರಿಸಲು ಹೋದರೆ ಪ್ರಕರಣವೇ ಕೈಜಾರುತ್ತದೆ. ವಿವರಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಹನ್ನೆರಡರ ಹೊತ್ತಿಗೆ, ಮೈನೆರೆದ ಸ್ವಲ್ಪ ದಿನಕ್ಕೆ, ಎಮ್ಮಾ ಏನೋ ಕೊಳ್ಳಲು ಅಂಗಡಿಗೆ ಹೋಗುತ್ತಾಳೆ. ಅಂಗಡಿಯ ಹುಡುಗರಿಬ್ಬರು ತಮ್ಮತಮ್ಮಲ್ಲೇ ನಗುತ್ತಿದ್ದಾರೆ. ಅವಳು ದಿಗಿಲುಬಿದ್ದು ಹೊರಗೋಡುತ್ತಾಳೆ. ನನ್ನ ಬಟ್ಟೆ ನೋಡಿ ನಕ್ಕರು ಅನ್ನಿಸಿತು, ಅವರಲ್ಲೊಬ್ಬ ಮನಸ್ಸಿಗೆ ಹಿಡಿಸಿದ್ದ: ಅವಳ ನೆನಪಿನಲ್ಲಿ ಉಳಿದಿರುವುದು ಇಷ್ಟೇ. ಇದರಿಂದ ಲಕ್ಷಣ ಅರ್ಥವಾಗುವುದಿಲ್ಲ ಅಂತ ಫ್ರಾಯ್ಡ್ ಸರಿಯಾಗಿಯೇ ತಕರಾರು ತೆಗೆಯುತ್ತಾನೆ. ಬಟ್ಟೆಯದೇ ಸಮಸ್ಯೆಯಾಗಿದ್ದರೆ ಒಳ್ಳೆಯ ಬಟ್ಟೆ ಹಾಕಿಕೊಂಡರೆ ಮುಗಿಯಿತು. ರಕ್ಷಣೆಯದೇ ಸಮಸ್ಯೆಯಾಗಿದ್ದರೆ ಜೊತೆಗೆ ದೊಡ್ಡವರು ಬೇಕು, ಆದರೆ ಅವಳಿಗೆ ಒಂದು ಚಿಕ್ಕ ಮಗು ಜೊತೆಗಿದ್ದರೂ ಸಾಕಾಗುತ್ತಿತ್ತು.

ಈಗ ಎಂಟನೇ ವಯಸ್ಸಿನದು. ಮಿಠಾಯಿ ತರಲು ಒಬ್ಬಳೇ ಸಣ್ಣ ಅಂಗಡಿಗೆ ಹೋಗಿದ್ದಳು. ಅಂಗಡಿಯವನು ಹಲ್ಲುಕಿರಿಯುತ್ತ ಬಟ್ಟೆಯ ಮೇಲಿಂದ ಕೆಟ್ಟದಾಗಿ ಕೈ ಹಾಕಿದ. ಅಷ್ಟಾದರೂ ಇನ್ನೊಂದು ಸಲ ಹೋದಳು, ಆಮೇಲೆ ಹೋಗುವುದು ಬಿಟ್ಟಳು. "ಎರಡನೇ ಸಲ ಯಾಕೆ ಹೋದೆ" ಎಂದು ಮುಂದೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ನಗು, ಬಟ್ಟೆ, ಒಬ್ಬಳೇ ಇರುವುದು. ಮೂರು ದಾರ ಎರಡು ಅಂಗಡಿಗಳನ್ನು ಹೊಲಿಯುತ್ತವೆ. ನಡುವೆ ಬದಲಾದದ್ದು ಅವಳ ಮೈ. ಎಂಟರಲ್ಲಿ ಏನಾಯಿತು ಎಂಬುದಕ್ಕೆ ಅರ್ಥ ಕೊಡಬಲ್ಲ ತಿಳಿವಳಿಕೆ ಹನ್ನೆರಡಕ್ಕೆ ಬಂತು, ಹಿಂದಿನ ನೆನಪು ಈಗ ಮೊದಲ ಬಾರಿಗೆ ಚುಚ್ಚಿತು. ಆದರೆ ಚುಚ್ಚಿದ್ದು ಅದೇ ಎಂದು ಅವಳಿಗೆ ತಿಳಿಯಲಿಲ್ಲ. ಪ್ರಜ್ಞೆಗೆ ಬಂದದ್ದು "ಬಟ್ಟೆ" ಎಂಬ ಒಂದೇ ಒಂದು ಚೂರು.

ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಹೆದರಿಕೆ ಅನ್ನುತ್ತೇವಲ್ಲ, ಇದು ಅದಲ್ಲ. ಅದು ಬರೀ ಅಭ್ಯಾಸದ ಭಯ, ಅದನ್ನು ವಿವರಿಸಲು ಗಂಟೆಯ ಸದ್ದಿಗೆ ನಾಯಿ ಜೊಲ್ಲು ಸುರಿಸುವುದನ್ನು ತೋರಿಸಿದ ಪಾವ್ಲೋವ್ ಸಾಕು. ಎಮ್ಮಾಳದು ತಿರುವುಮುರುವು: ಅಂದು ಹಗ್ಗವೆಂದು ದಾಟಿದ್ದು ಹಾವಾಗಿತ್ತು ಎಂದು ನಾಲ್ಕು ವರ್ಷದ ಮೇಲೆ, ಇನ್ನೊಂದು ಹಗ್ಗ ಕಂಡಾಗ ಒಳಮನಸ್ಸಿಗೆ ಗೊತ್ತಾಗುತ್ತದೆ. ಹಾಗಾಗಿ ಆಘಾತ ಮೊದಲ ಅಂಗಡಿಯಲ್ಲೂ ಇಲ್ಲ, ಎರಡನೆಯದರಲ್ಲೂ ಇಲ್ಲ, ಎರಡರ ನಡುವಿನ ಸಂಬಂಧದಲ್ಲಿದೆ. ಅಪರಾಧ ಮಾತ್ರ ಮೊದಲ ಅಂಗಡಿಯದೇ. ಇವೆರಡು ಮಾತನ್ನು ಬೆರೆಸಿದರೆ "ಮಗುವಿಗೆ ಆಗ ಏನೂ ಅನ್ನಿಸಲಿಲ್ಲ, ಹಾಗಾಗಿ ದೊಡ್ಡ ವಿಷಯವಲ್ಲ" ಅನ್ನುವ ಅಪಾಯಕಾರಿ ತೀರ್ಮಾನಕ್ಕೆ ಬಂದುಬಿಡುತ್ತೇವೆ.

1897ರ ವಿಷಯ. ಆ ವರ್ಷ ಸೆಪ್ಟೆಂಬರ್ 21ರಂದು ಆಪ್ತ ಗೆಳೆಯ, ವೈದ್ಯ ಫ್ಲೀಸ್‌ಗೆ ಬರೆದ ಪತ್ರದಲ್ಲಿ ಫ್ರಾಯ್ಡ್ ಕೈಬಿಟ್ಟದ್ದು "ಪ್ರತಿಯೊಂದು ಹಿಸ್ಟೀರಿಯಾದ ಬುಡದಲ್ಲೂ ಬಾಲ್ಯದ ಲೈಂಗಿಕ ದೌರ್ಜನ್ಯವಿದೆ" ಎಂಬ ಹೇಳಿಕೆಯನ್ನು. ದೌರ್ಜನ್ಯ ನಡೆಯುವುದೇ ಇಲ್ಲ ಎಂದು ಅವನು ಯಾವತ್ತೂ ಹೇಳಲಿಲ್ಲ. ಆದರೆ ಒತ್ತು ಒಳಗಿನ ಬಯಕೆ, ಕಲ್ಪನೆಗಳ ಕಡೆ ವಾಲಿದ್ದು ನಿಜ. ಆಮೇಲೆ ಬಂದ ಅನೇಕರು ಆ ವಾಲುವಿಕೆಯನ್ನೇ ಸಿದ್ಧಾಂತ ಮಾಡಿಕೊಂಡು, ಎದುರಿಗೆ ಕೂತವರ ಮಾತನ್ನು ನಂಬದೆ ಹೋದದ್ದೂ ನಿಜ. ಆ ತಪ್ಪನ್ನು ಮುಚ್ಚಿಡಬೇಕಾಗಿಲ್ಲ.

ಆಘಾತ ಮತ್ತೆ ಬಾಗಿಲು ಬಡಿದದ್ದು ಮೊದಲ ಮಹಾಯುದ್ಧದಲ್ಲಿ. ಕಂದಕದಿಂದ ಬಂದ ಸೈನಿಕರು ರಾತ್ರಿಯಿಡೀ ಅದೇ ಸ್ಫೋಟವನ್ನೇ ಕನಸು ಕಂಡು ಎದ್ದು ಕೂರುತ್ತಿದ್ದರು. ಕನಸೆಂದರೆ ಬಯಕೆಯ ಈಡೇರಿಕೆ ಎಂದಿದ್ದ ಸಿದ್ಧಾಂತಕ್ಕೆ ಇದು ನೇರ ಪೆಟ್ಟು. 1918ರ ಸೆಪ್ಟೆಂಬರಿನಲ್ಲಿ ಮನೋವಿಶ್ಲೇಷಕರ ಬುಡಾಪೆಸ್ಟ್ ಸಮ್ಮೇಳನದ ಮುಖ್ಯ ಚರ್ಚೆಯೇ ಯುದ್ಧದ ನರರೋಗ (ನ್ಯೂರೋಸಿಸ್: ನರಗಳದ್ದಲ್ಲ, ಮನಸ್ಸಿನ ಕಾಯಿಲೆ). 1920ರಲ್ಲಿ ಫ್ರಾಯ್ಡ್ ಮನಸ್ಸಿಗೆ ಹೊರಗಿನ ಪ್ರಚೋದನೆ ತಡೆಯುವ ಒಂದು ಪೊರೆಯಿದೆ, ಆಘಾತವೆಂದರೆ ಅದು ಹರಿಯುವುದು ಎಂದ. ಅಲ್ಲಿ ಮೂರು ಪದ ಬೇರೆ ಮಾಡುತ್ತಾನೆ, ಸೆಮಿನಾರಿಗೆ ಇದು ಬೇಕಾಗುತ್ತದೆ: ಇಂಥದ್ದು ಎಂದು ಗೊತ್ತಿರುವುದರ ಭಯ, ಏನೋ ಬರಲಿದೆ ಎಂದು ಮೈ ಸಜ್ಜಾಗುವ ಆತಂಕ, ಸಜ್ಜಾಗದೇ ಇದ್ದಾಗ ಬಂದೆರಗುವ ದಿಗಿಲು. ಆಘಾತ ಹುಟ್ಟುವುದು ಮೂರನೆಯದರಲ್ಲಿ. ಆತಂಕ ವಾಸ್ತವವಾಗಿ ಕಾವಲುಗಾರ. ಅದೇ ಕನಸು ಮತ್ತೆ ಮತ್ತೆ ಬೀಳುವುದು, ಅಂದು ಬಾರದೇ ಹೋದ ಆತಂಕವನ್ನು ಈಗಲಾದರೂ ತಂದು ನಿಲ್ಲಿಸುವ ಮನಸ್ಸಿನ ಪ್ರಯತ್ನ. 1926ರ ಹೊತ್ತಿಗೆ ಅವನು ಆಘಾತದ ತಿರುಳನ್ನು ಒಂದೇ ಪದಕ್ಕೆ ಇಳಿಸುತ್ತಾನೆ: ಅಸಹಾಯಕತೆ.

ಫ್ರಾಯ್ಡನ ಒಡನಾಡಿ, ಹಂಗೇರಿಯ ವಿಶ್ಲೇಷಕ ಫೆರೆಂಜಿಯನ್ನು ಬಿಡಬೇಡಿ. 1932ರಲ್ಲಿ ವೀಸ್‌ಬಾಡೆನ್ ಸಮ್ಮೇಳನದಲ್ಲಿ ಅವನು ಓದಿದ ಪ್ರಬಂಧ ಫ್ರಾಯ್ಡ್‌ಗೆ ಇಷ್ಟವಾಗಲಿಲ್ಲ, ಓದಬೇಡ ಎಂದೇ ಒತ್ತಾಯಿಸಿದ್ದ. ಮಗು ಕೇಳುವುದು ಮಮತೆಯ ಭಾಷೆಯಲ್ಲಿ, ದೊಡ್ಡವನು ಉತ್ತರಿಸುವುದು ಕಾಮದ ಭಾಷೆಯಲ್ಲಿ. ಹೆದರಿದ ಮಗು ಆ ದೊಡ್ಡವನನ್ನೇ ಒಳಗೆ ಎಳೆದುಕೊಳ್ಳುತ್ತದೆ, ಅವನ ಅಪರಾಧಭಾವವನ್ನೂ ಸೇರಿಸಿ. ಆಮೇಲೆ ಮನೆಯವರು "ಏನೂ ಆಗಿಲ್ಲ, ಸುಮ್ಮನಿರು" ಅಂದಾಗ ಗಾಯ ಗಟ್ಟಿಯಾಗುತ್ತದೆ. ಎರಡನೇ ಹೊಡೆತ ಎಂದರೆ ಇದೂ ಹೌದು. ಅಂಗಡಿಯ ಹುಡುಗರ ನಗುವೇ ಆಗಬೇಕಿಲ್ಲ.

ಸಂಜೆ_ಐದೂವರೆ ಉತ್ತರ:

ಕಪ್ಪುಹಲಗೆ ಅವರು ಇತಿಹಾಸ ಹೇಳಿದ್ದಾರೆ, ನಾನು ಕೋಣೆಯೊಳಗಿನ ಕೆಲಸದ ಬಗ್ಗೆ ಬರೆಯುತ್ತೇನೆ.

ಮೊದಲಿಗೆ, ಅಗೆಯುವುದು ಕೆಲಸ ಅಲ್ಲ. ನೆನಪು ಬರದಿದ್ದರೆ "ಏನೋ ಆಗಿರಲೇಬೇಕು, ಯೋಚಿಸಿ" ಎಂದು ಒತ್ತುವುದು ಅತಿ ಕೆಟ್ಟ ತಪ್ಪು. ಥೆರಪಿಸ್ಟನ್ನು ಮೆಚ್ಚಿಸಲು ಮನಸ್ಸು ನೆನಪನ್ನು ಕಟ್ಟಿಕೊಟ್ಟೀತು. ಅಮೆರಿಕದಲ್ಲಿ 1980-90ರ ದಶಕದಲ್ಲಿ ಹೀಗೆ ಸಂಮೋಹನ, ಸೂಚನೆಗಳಿಂದ "ಮರಳಿ ಬಂದ" ನೆನಪುಗಳು ಕೋರ್ಟಿನವರೆಗೆ ಹೋಗಿ, ನಿಜವಾಗಿ ನೊಂದವರ ಮಾತಿಗೂ ಬೆಲೆಯಿಲ್ಲದಂತಾಯಿತು.

ಶುರುವಿನ ಮೂರ್ನಾಲ್ಕು ಭೇಟಿ, ತಲಾ 50 ನಿಮಿಷ, ಪರಿಶೀಲನೆಗೇ ಇಡಬೇಕು. ಮೊದಲ ಪ್ರಶ್ನೆ ಅಪಾಯ ಮುಗಿದಿದೆಯೇ ಅನ್ನುವುದು. ಹೊಡೆಯುವ ಗಂಡನ ಮನೆಯಲ್ಲೇ ಇನ್ನೂ ಇರುವವರಿಗೆ ಬಾಲ್ಯದ ವಿಶ್ಲೇಷಣೆ ಮಾಡಲು ಕೂರುವುದು ಮನೆ ಉರಿಯುವಾಗ ನಕ್ಷೆ ಬರೆದಂತೆ. ನಿದ್ದೆ ಎಷ್ಟು ಗಂಟೆ, ಕುಡಿತ ಎಷ್ಟು, ಸಾಯುವ ಯೋಚನೆ ಇದೆಯೇ, ರಾತ್ರಿ ಎರಡಕ್ಕೆ ಎಚ್ಚರವಾದರೆ ಮಾತಾಡಿಸಲು ಯಾರಿದ್ದಾರೆ, ಇವನ್ನೆಲ್ಲ ಬಾಯಿಬಿಟ್ಟು ಕೇಳಬೇಕು. ಮನೋವಿಶ್ಲೇಷಣೆಯ ಶೈಲಿಗೆ ಒಗ್ಗುವುದಿಲ್ಲ ಎಂದು ಸುಮ್ಮನಿರುವ ಹಾಗಿಲ್ಲ.

ಆಮೇಲೆ "ಯಾಕೆ ಈಗ?" ಎರಡು ದೃಶ್ಯದ ವಿಚಾರ ಉಪಯೋಗಕ್ಕೆ ಬರುವುದು ಇಲ್ಲಿ. ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳಿ: ಬಸ್ ಅಪಘಾತದಲ್ಲಿ ತರಚು ಗಾಯದಲ್ಲಿ ಪಾರಾದವರು, ಪಕ್ಕದ ಸೀಟಿನವರು ತೀರಿಹೋದರು. ಆರು ತಿಂಗಳು ಏನೂ ಇಲ್ಲ, ಆಫೀಸಿಗೆ ಹೋಗಿಬರುತ್ತಿದ್ದರು. ತಮ್ಮನ ಮದುವೆ ಗೊತ್ತಾದ ವಾರ ನಿದ್ದೆ ಕೆಟ್ಟಿತು. ಅಪಘಾತದ ಬಗ್ಗೆಯೇ ಹತ್ತು ಸಲ ಕೇಳಿದರೂ ಸಿಗುವುದು ಪೊಲೀಸರಿಗೆ ಕೊಟ್ಟ ಹೇಳಿಕೆಯೇ. "ಮದುವೆ ಗೊತ್ತಾದ ವಾರ" ಎಂಬಲ್ಲಿ ನಿಂತರೆ ಬೇರೆ ಏನೋ ಬರುತ್ತದೆ: ಹತ್ತುವಾಗ "ಕಿಟಕಿ ಪಕ್ಕ ನಾನು ಕೂತ್ಕೋತೀನಿ" ಎಂದಿದ್ದು, ಚಿಕ್ಕಂದಿನಲ್ಲಿ ತಮ್ಮನ ಜೊತೆ ಕಿಟಕಿಗಾಗಿ ಜಗಳವಾಡಿದ್ದು, "ಇವನು ಇರದಿದ್ದರೆ" ಅನ್ನಿಸಿದ್ದು. ಬಾಲ್ಯದ ಪೈಪೋಟಿಯಿಂದ ಬಸ್ಸು ಉರುಳಲಿಲ್ಲ. ಆದರೆ ಬಸ್ಸು ಉರುಳಿದ್ದಕ್ಕೆ ಈ ಮನಸ್ಸು ಕೊಟ್ಟುಕೊಂಡ ಅರ್ಥ ಅಲ್ಲಿಂದ ಬಂದಿದೆ.

ಇಲ್ಲಿ ಬಾಯಿಗೆ ತಟ್ಟನೆ ಬರುವ ಮಾತು "ನಿಮ್ಮದೇನೂ ತಪ್ಪಿಲ್ಲ". ಸತ್ಯವೇ, ಆದರೆ ಬೇಗ ಹೇಳಿದರೆ ಬಾಗಿಲು ಮುಚ್ಚುತ್ತದೆ. ತಪ್ಪು ನನ್ನದು ಎಂದುಕೊಂಡಷ್ಟು ಕಾಲ ಲೋಕಕ್ಕೆ ಒಂದು ನಿಯಮವಿದೆ, ನಾನು ಸರಿಯಾಗಿದ್ದರೆ ಹೀಗಾಗದು. ತಪ್ಪನ್ನು ಕಿತ್ತುಕೊಂಡರೆ ಉಳಿಯುವುದು ಪೂರಾ ಅಸಹಾಯಕತೆ, ಅದು ಇನ್ನೂ ಭಾರ. ಫೇರ್‌ಬೇರ್ನ್ ಎಂಬ ಬ್ರಿಟಿಷ್ ವಿಶ್ಲೇಷಕ 1943ರಲ್ಲೇ ಇದನ್ನು ನೈತಿಕ ರಕ್ಷಣೆ ಎಂದು ವಿವರಿಸಿದ್ದ. ಮೊದಲು "ಆ ಸೀಟಿನ ಮಾತು ತಲೆಯಿಂದ ಹೋಗ್ತಾನೇ ಇಲ್ಲ ಅಲ್ವಾ" ಎಂದು ಅದರ ಜೊತೆ ಕೂರಬೇಕು. ತಪ್ಪಿನ ಕೆಳಗೆ ಏನಿದೆ ಎಂಬುದು ವಾರಗಳ ಮಾತು.

ಕೆಲಸ ಕೆಡುವ ಜಾಗಗಳು ಹೀಗೆ.

ಮೌನ. ನರರೋಗಕ್ಕೆ ಹೊಂದುವ ವಿಶ್ಲೇಷಕನ ಮೌನ ಆಘಾತ ಅನುಭವಿಸಿದವರಿಗೆ ಹೊಂದುವುದಿಲ್ಲ. ಕೂಗಿದಾಗ ಯಾರೂ ಬರಲಿಲ್ಲ ಎಂಬುದೇ ಅವರ ಗಾಯವಾಗಿದ್ದರೆ, ನಿಮ್ಮ ಐದು ನಿಮಿಷದ ಮೌನ ಅದನ್ನೇ ಮತ್ತೆ ನಡೆಸುತ್ತದೆ. ಫೆರೆಂಜಿ ಇದನ್ನು ವೃತ್ತಿಯ ಸೋಗಲಾಡಿತನ ಎಂದೇ ಕರೆದ.

ಸಂಕೇತ ಕುಸಿಯುವುದು. ಹಾರ್ನ್ ಕೇಳಿದರೆ ಅಪಘಾತ ನೆನಪಾಗುತ್ತದೆ ಎಂದಲ್ಲ, ಹಾರ್ನೇ ಅಪಘಾತ. "ಹಾಗೆ" ಎಂಬ ಪದ ಮನಸ್ಸಿನಿಂದ ಬಿದ್ದುಹೋಗಿರುತ್ತದೆ. ಆ ಸ್ಥಿತಿಯಲ್ಲಿರುವಾಗ "ನೀವು ನನ್ನನ್ನು ಆ ಡ್ರೈವರ್ ಹಾಗೆ ನೋಡುತ್ತಿದ್ದೀರಿ" ಎಂದರೆ ಅವರಿಗೆ ಕೇಳಿಸುವುದು "ನಾನೇ ಆ ಡ್ರೈವರ್". ಬ್ರಿಟಿಷ್ ವಿಶ್ಲೇಷಕ ಬಯೋನ್ ಹೇಳುವ ಧಾರಕ ಕೆಲಸ ಇಲ್ಲಿ ಬೇಕು: ಅವರಿಗೆ ಹೊರಲಾಗದ್ದನ್ನು ನೀವು ಹೊತ್ತು, ಸಣ್ಣ ಮಾತಾಗಿಸಿ ಮರಳಿಸುವುದು. ಮಗು ಚೀರಿದಾಗ ತಾಯಿ "ಹೊಟ್ಟೆ ನೋವಾ ಪುಟ್ಟಾ" ಅನ್ನುವ ಹಾಗೆ. ಮೊದಲ ಮಹಾಯುದ್ಧದಲ್ಲಿ ಬಯೋನ್ ಟ್ಯಾಂಕ್ ಪಡೆಯಲ್ಲಿದ್ದವನು, ಈ ವಿಚಾರ ಕುರ್ಚಿಯಲ್ಲಿ ಕೂತು ಹುಟ್ಟಿದ್ದಲ್ಲ.

ಕೋಣೆಯಿಂದ "ಹೊರಟುಹೋಗುವುದು". ಕಣ್ಣು ಒಂದೇ ಕಡೆ ನಿಲ್ಲುತ್ತದೆ, ದನಿ ಚಪ್ಪಟೆಯಾಗುತ್ತದೆ, ಕೇಳಿದ ಪ್ರಶ್ನೆಗೆ ಹತ್ತು ಸೆಕೆಂಡು ತಡವಾಗಿ ಉತ್ತರ. ಆಗ ಕಥೆ ಮುಂದುವರಿಸಲು ಬಿಡಬೇಡಿ. ಹೆಸರು ಹಿಡಿದು ಕರೆಯಿರಿ, ಪಾದ ನೆಲಕ್ಕೆ ತಾಗಿದೆಯಾ ನೋಡಿ ಎನ್ನಿ, ಗೋಡೆಯ ಮೇಲೆ ಏನು ಕಾಣುತ್ತಿದೆ ಕೇಳಿ, ಫ್ಯಾನಿನ ಸದ್ದು ಕೇಳಿಸುತ್ತಿದೆಯೇ ಕೇಳಿ. ಮುಟ್ಟಬೇಡಿ. ವಾಪಸ್ಸು ಬಂದ ಮೇಲೆ ಕೇಳಬೇಕಾದ್ದು "ಹೊರಡುವ ಮುಂಚೆ ನಾವು ಏನು ಮಾತಾಡ್ತಿದ್ವಿ" ಎಂದು. ವಿಶ್ಲೇಷಣೆಗೆ ಸಿಗುವ ತುದಿ ಅದೇ.

ಇನ್ನೊಂದು, ನಾಟಕ ಮರುಕಳಿಸುವುದು. ಅವರು ಮೂರು ವಾರ ತಡವಾಗಿ ಬರುತ್ತಾರೆ, ನಾಲ್ಕನೇ ವಾರ ನೀವು ಗದರುತ್ತೀರಿ, ಆಕ್ರಮಣಕಾರನ ಪಾತ್ರ ನಿಮ್ಮದಾಯಿತು. ಅಥವಾ ಪಾಪ ಎನಿಸಿ ಅರ್ಧ ಗಂಟೆ ಹೆಚ್ಚು ಕೊಡುತ್ತೀರಿ, ರಾತ್ರಿ ಫೋನ್ ಎತ್ತುತ್ತೀರಿ, ಎರಡು ತಿಂಗಳಿಗೆ ಸುಸ್ತಾಗಿ ಒಮ್ಮೆಲೇ ನಿಲ್ಲಿಸುತ್ತೀರಿ. ಎರಡನೆಯದೇ ಹೆಚ್ಚು ಹಾನಿ ಮಾಡುತ್ತದೆ. ದಸರಾ ರಜೆಗೆ ಹೋಗುವುದಿದ್ದರೂ ಮೂರ್ನಾಲ್ಕು ವಾರ ಮುಂಚೆ ದಿನಾಂಕ ಹೇಳಬೇಕು, ಆ ವಾರಗಳಲ್ಲಿ ಬರುವ ಸಿಟ್ಟಿಗೆ ಜಾಗ ಬಿಡಬೇಕು. ನಿಮಗೇ ತೂಕಡಿಕೆ ಬರುತ್ತಿದ್ದರೆ, ಅವರು ಹೋದ ಮೇಲೂ ತಲೆಯಲ್ಲಿ ಓಡುತ್ತಿದ್ದರೆ, ಅದನ್ನು ಅದೇ ವಾರ ಹಿರಿಯ ಥೆರಪಿಸ್ಟರ ಜೊತೆಗಿನ ಸೂಪರ್‌ವಿಷನ್‌ಗೆ ಒಯ್ಯಿರಿ.

ತುಂಗಾತೀರ:

ಇಬ್ಬರಿಗೂ ಧನ್ಯವಾದ. ಒಂದು ಸಂದೇಹ ಉಳಿಯಿತು. "ಭಯಪಡುತ್ತಿರುವುದು ಆಗಲೇ ಆಗಿಹೋಗಿದೆ" ಎಂದು ಬ್ರಿಟಿಷ್ ವಿಶ್ಲೇಷಕ ವಿನ್ನಿಕಾಟ್ ಹೇಳುತ್ತಾರಲ್ಲ, ಅದೂ ಎಮ್ಮಾ ಮಾದರಿಯೇ? ಮತ್ತೆ, ಬಂದವರು ಅಪ್ರಾಪ್ತ ವಯಸ್ಸಿನವರಾದರೆ ಗೌಪ್ಯತೆ ಎಲ್ಲಿಯವರೆಗೆ?

ಸಂಜೆ_ಐದೂವರೆ:

ಹತ್ತಿರ, ಆದರೆ ಒಂದೇ ಅಲ್ಲ. ಎಮ್ಮಾಳಲ್ಲಿ ನೆನಪು ಇದೆ, ಅರ್ಥ ಆಮೇಲೆ ಬಂತು. ವಿನ್ನಿಕಾಟ್ ಹೇಳುವ ಕುಸಿತ ಎಷ್ಟು ಎಳೆಯ ವಯಸ್ಸಿನದೆಂದರೆ, ಅದನ್ನು ಅನುಭವಿಸಲು "ನಾನು" ಎಂಬುದೇ ಆಗ ಪೂರ್ತಿ ಇರಲಿಲ್ಲ. ಹಾಗಾಗಿ ನೆನಪಾಗಿ ಅಲ್ಲ, ಮುಂದೆ ಬರಲಿರುವ ಅನಾಹುತವಾಗಿ ಕಾಡುತ್ತದೆ. (ಆ ಲೇಖನ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1974ರಲ್ಲಿ.) ಅಲ್ಲಿ ನೆನಪಿಸಿಕೊಳ್ಳುವುದರ ಬದಲಿಗೆ, ಥೆರಪಿಯಲ್ಲಿ ಮೊದಲ ಸಲ ಅನುಭವಿಸುವುದೇ ದಾರಿ. ನಿಮ್ಮ ಸಣ್ಣ ತಪ್ಪಿಗೆ, ಗಡಿಯಾರ ನೋಡಿದ್ದಕ್ಕೆ, ಅವರು ಕುಸಿದುಬೀಳುತ್ತಾರಲ್ಲ, ಅದೇ ಆ ಅನುಭವದ ಬಾಗಿಲು.

ಅಪ್ರಾಪ್ತರ ವಿಷಯದಲ್ಲಿ ಸಿದ್ಧಾಂತಕ್ಕಿಂತ ಕಾನೂನು ಮುಂದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನ ಪ್ರಕಾರ 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದ ಯಾರೇ ಆಗಲಿ ಸ್ಥಳೀಯ ಪೊಲೀಸರಿಗೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ತಿಳಿಸಬೇಕು. ಆಪ್ತಸಮಾಲೋಚಕರಿಗೆ ವಿನಾಯಿತಿ ಇಲ್ಲ. ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಸಜೆ, ಅಥವಾ ದಂಡ, ಅಥವಾ ಎರಡೂ. ಇದನ್ನು ಮಗುವಿಗೂ ಹೆತ್ತವರಿಗೂ ಮೊದಲ ಭೇಟಿಯಲ್ಲೇ ಅರ್ಥವಾಗುವ ಮಾತಿನಲ್ಲಿ ಹೇಳಿಬಿಡಿ. ಎಲ್ಲ ಹೇಳಿಸಿಕೊಂಡು ಆಮೇಲೆ "ನಾನು ಪೊಲೀಸರಿಗೆ ಹೇಳಬೇಕು" ಎಂದರೆ ಮಗುವಿನ ಪಾಲಿಗೆ ಅದು ಮತ್ತೊಬ್ಬ ದೊಡ್ಡವರ ಮೋಸ.

ಲೆಕ್ಕದ_ಪುಸ್ತಕ ಉತ್ತರ:

ಚೆನ್ನಾಗಿದೆ, ಆದರೆ ಒಂದು ಮಾತು ಯಾರೂ ಹೇಳಲಿಲ್ಲ. ಒಂದೇ ಘಟನೆಯ ನಂತರದ, ಆಘಾತ ಮುಗಿದರೂ ಕಾಡುತ್ತಲೇ ಇರುವ ಕಾಯಿಲೆಯಾದ ಪಿಟಿಎಸ್‌ಡಿಗೆ ಹೆಚ್ಚು ಪುರಾವೆ ಇರುವುದು ಆಘಾತ ಕೇಂದ್ರಿತ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಚಿಕಿತ್ಸೆ) ಮತ್ತು ಕಣ್ಣಾಡಿಸುತ್ತ ನೆನಪನ್ನು ಎದುರಿಸುವ ಇಎಂಡಿಆರ್‌ಗೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ್ದೂ ಅವನ್ನೇ. ಮನೋವಿಶ್ಲೇಷಣೆಯ ಕಡೆ ದೊಡ್ಡ ಅಧ್ಯಯನಗಳು ಕಡಿಮೆ. ನೆದರ್‌ಲೆಂಡ್ಸ್‌ನಲ್ಲಿ ಬ್ರೋಮ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ್ದು ಒಂದಿದೆ: 112 ಜನ, ಡಿಸೆನ್ಸಿಟೈಸೇಷನ್ (ಭಯವನ್ನು ಹಂತಹಂತವಾಗಿ ಇಳಿಸುವುದು), ಸಂಮೋಹನ, ಸೈಕೋಡೈನಮಿಕ್ (ಮನೋವಿಶ್ಲೇಷಣೆಯಿಂದ ಬಂದ ಚಿಕಿತ್ಸೆ) ಮೂರನ್ನೂ ಕಾಯುವ ಪಟ್ಟಿಯವರ ಜೊತೆ ಹೋಲಿಸಿದರು. ಮೂರೂ ಗುಂಪು ಕಾಯುವವರಿಗಿಂತ ಸುಧಾರಿಸಿದವು. ಅಷ್ಟರಿಂದ "ಎಲ್ಲ ಒಂದೇ" ಎನ್ನಲಾಗದು, "ಕೆಲಸಕ್ಕೆ ಬಾರದ್ದು" ಎಂದೂ ಎನ್ನಲಾಗದು.

ಮನೋವಿಶ್ಲೇಷಣೆ ಎಂದರೆ ವಾರಕ್ಕೆ ಐದು ದಿನ, ಹತ್ತು ವರ್ಷ ಎಂದುಕೊಳ್ಳುವವರಿಗೆ: ಅಮೆರಿಕದ ಮನೋವೈದ್ಯ ಹೊರೊವಿಟ್ಸ್ 1970ರ ದಶಕದಲ್ಲೇ 12 ಸೆಷನ್ನಿನ ಸೈಕೋಡೈನಮಿಕ್ ವಿಧಾನ ರೂಪಿಸಿದ್ದರು. ನುಗ್ಗಿಬರುವ ಚಿತ್ರಗಳು ಮತ್ತು ಮರಗಟ್ಟುವಿಕೆ, ಈ ಎರಡರ ನಡುವೆ ಮನಸ್ಸು ತೂಗಾಡುತ್ತದೆ ಎಂಬುದು ಅವರ ಗಮನಿಕೆ. ನುಗ್ಗುವಿಕೆ ಹೆಚ್ಚಿದ್ದಾಗ ಕಟ್ಟೆ ಹಾಕಬೇಕು, ಮರಗಟ್ಟಿದಾಗ ನಿಧಾನ ತೆರೆಯಬೇಕು. ಉಲ್ಟಾ ಮಾಡಿದರೆ ಕೆಡುತ್ತದೆ.

ಘಟನೆಯಾದ ಮರುದಿನವೇ ಎಲ್ಲರನ್ನೂ ಕೂರಿಸಿ "ಏನಾಯಿತು ಹೇಳಿ" ಎಂದು ಒಂದೇ ಸೆಷನ್ ಮಾಡುವ ಪದ್ಧತಿಯನ್ನಂತೂ ಬಿಡಿ. ಪಿಟಿಎಸ್‌ಡಿ ತಡೆಯಲು ಅದು ನೆರವಾಗುವುದಿಲ್ಲವೆಂದು ತಿಳಿದು ಮಾರ್ಗಸೂಚಿಗಳು ಅದನ್ನು ಬೇಡ ಎನ್ನುತ್ತವೆ. ಫ್ರಾಯ್ಡನ ಪೊರೆಯ ಲೆಕ್ಕದಲ್ಲೂ ಇದು ಹೊಂದುತ್ತದೆ: ಹರಿದ ಪೊರೆಯ ಮೇಲೆ ಮತ್ತೆ ಪ್ರಚೋದನೆ ಸುರಿಯುವುದು ಯಾವ ನ್ಯಾಯ? ಆ ದಿನಕ್ಕೆ ಬೇಕಾದ್ದು ನೀರು, ಕಂಬಳಿ, ಮನೆಯವರ ಫೋನ್ ನಂಬರ್. ತುರ್ತು ಎನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ.

ನೀಲಿಶಾಯಿ ಉತ್ತರ:

ಪದದ ಬಗ್ಗೆ ಮಾತ್ರ. "ವಿಳಂಬಿತ ಕ್ರಿಯೆ" ಸ್ಟ್ರೇಚಿಯ ಇಂಗ್ಲಿಷ್ ಅನುವಾದದ ನೆರಳು. ಅದರಲ್ಲಿ ಬಾಂಬಿನ ಬತ್ತಿ ಇದೆ: ಅಂದು ಹಚ್ಚಿದ್ದು ಇಂದು ಸಿಡಿಯಿತು, ಬಾಣ ಹಿಂದಿನಿಂದ ಮುಂದಕ್ಕೆ ಮಾತ್ರ. ಜರ್ಮನ್ ಪದದಲ್ಲಿ ಮುಂದಿನದು ಹಿಂದಿನದನ್ನು ತಿದ್ದುವುದೂ ಇದೆ. ಫ್ರೆಂಚ್ ವಿಶ್ಲೇಷಕರಲ್ಲಿ ಆ ಎರಡನೇ ಬಾಣವನ್ನು ಎತ್ತಿ ಹಿಡಿದವನು ಲಕಾನ್, ಅದರ ಮೇಲೆ ಜೀವಮಾನವಿಡೀ ಕೆಲಸ ಮಾಡಿದವನು ಲಾಪ್ಲಾಂಶ್.

ಕನ್ನಡದಲ್ಲಿ ಕ್ರಿಯಾಪದವಾಗಿ ಹೇಳಿದರೆ ಸಲೀಸು: "ಆಮೇಲೆ ತಟ್ಟುವುದು". ಮಾತು ತಟ್ಟಿತು, ಶಾಪ ತಟ್ಟಿತು ಅನ್ನುತ್ತೇವಲ್ಲ, ಆಡಿದ ಹೊತ್ತಿಗೂ ತಟ್ಟಿದ ಹೊತ್ತಿಗೂ ನಡುವಿನ ಅಂತರ ಆ ಪದದೊಳಗೇ ಇದೆ. ನಾಮಪದವೇ ಬೇಕೆಂದರೆ "ನಂತರಾರ್ಥ" ಎಂದು ಮಾಡಿಕೊಳ್ಳಬಹುದು, ಮೊದಲ ಸಲ ಬಳಸುವಾಗ ಒಂದು ವಾಕ್ಯ ವಿವರಣೆ ಕೊಡಿ. "ಪಶ್ಚಾತ್" ಸೇರಿಸಿ ಏನನ್ನೂ ಕಟ್ಟಬೇಡಿ. ಓದುಗರಿಗೆ ಪಶ್ಚಾತ್ತಾಪ ನೆನಪಾಗುತ್ತದೆ. ಎಮ್ಮಾ ಆಗಲೇ ತನ್ನನ್ನು ಸಾಕಷ್ಟು ಬೈದುಕೊಂಡಿದ್ದಾಳೆ.

ತುಂಗಾತೀರ:

"ಆಮೇಲೆ ತಟ್ಟುವುದು" ಇಟ್ಟುಕೊಂಡೆ. ಮೊದಲ ಸ್ಲೈಡಿನಲ್ಲಿ "ಆಘಾತ = ಘಟನೆ" ಎಂದು ಬರೆದಿದ್ದನ್ನು ಅಳಿಸಿ, ಎರಡು ಅಂಗಡಿ ಬಿಡಿಸಿ ನಡುವೆ ಎರಡೂ ಕಡೆ ಮುಖವಿರುವ ಬಾಣ ಹಾಕಿದ್ದೇನೆ.

ಕಪ್ಪುಹಲಗೆ:

ಬಾಣದ ಕೆಳಗೆ "4 ವರ್ಷ, ಮೈನೆರೆಯುವಿಕೆ" ಎಂದೂ ಬರೆಯಿರಿ. ಯಾರಾದರೂ ಎದ್ದು "ನಡುವೆ ಏನಾಯಿತು" ಎಂದು ಕೇಳಿಯೇ ಕೇಳುತ್ತಾರೆ.